ಯಾವ ಬೀಜಕೇಂದ್ರ ಉಳಿಯುತ್ತದೆ, ಯಾವುದು ಅಳಿಯುತ್ತದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಯುಸಿ ಮತ್ತು ಬಿ.ಎಸ್‌ಸಿ. ವಿದ್ಯಾರ್ಥಿಗಳವು, ಅವುಗಳಲ್ಲಿ ಬಹುಪಾಲು ಪರಮಾಣುವಿನ ಬೀಜಕೇಂದ್ರದ ಸ್ಥಿರತೆಯನ್ನು ಕುರಿತವು. ಒಂದೇ ಸಂದೇಹವನ್ನು ಹಲವರು ಹಲವು ಬಗೆಯಲ್ಲಿ ಕೇಳಿದ್ದ ಕಡೆ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆಯಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಪ್ರೋಟಾನುಗಳು ಒಂದನ್ನೊಂದು ವಿಕರ್ಷಿಸುತ್ತವೆ, ನ್ಯೂಟ್ರಾನುಗಳು ಅವುಗಳ ನಡುವೆ ಸಿಮೆಂಟಿನಂತೆ ಕೂತು ಬೀಜಕೇಂದ್ರವನ್ನು ಹಿಡಿದಿಡುತ್ತವೆ ಎಂದು ನಮಗೆ ಪಾಠ ಮಾಡಿದ್ದಾರೆ. ಹಾಗಿದ್ದರೆ ನ್ಯೂಟ್ರಾನು ಹೆಚ್ಚಿದಷ್ಟೂ ಸ್ಥಿರತೆ ಹೆಚ್ಚಬೇಕಲ್ಲವೇ? ಕಾರ್ಬನ್-12 ಸ್ಥಿರವಾಗಿದ್ದು, ಎರಡು ನ್ಯೂಟ್ರಾನು ಹೆಚ್ಚಿರುವ ಕಾರ್ಬನ್-14 ವಿಕಿರಣಶೀಲವಾಗಿರುವುದು ಏಕೆ? ಅಲ್ಲದೆ, ಬಿಡಿ ನ್ಯೂಟ್ರಾನು ಹತ್ತು ನಿಮಿಷವೂ ಬಾಳುವುದು ಖಾತ್ರಿಯಿಲ್ಲ ಎನ್ನುತ್ತಾರೆ; ಅದೇ ನ್ಯೂಟ್ರಾನು ನಮ್ಮ ಮೈಯಲ್ಲಿನ ಪರಮಾಣುಗಳೊಳಗೆ ಹೇಗೆ ಉಳಿದಿದೆ? (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಸಿಮೆಂಟಿನ ಹೋಲಿಕೆ ಅರ್ಧ ದಾರಿಯವರೆಗೆ ಸರಿ. ಪ್ರೋಟಾನು, ನ್ಯೂಟ್ರಾನುಗಳೆರಡನ್ನೂ ಒಂದೇ ರೀತಿಯಲ್ಲಿ ಆಕರ್ಷಿಸುವ ಪ್ರಬಲ ಬೈಜಿಕ ಬಲವು ಒಂದೆರಡು ಫೆಮ್ಟೋಮೀಟರ್‌ಗಳಾಚೆಗೆ, ಅಂದರೆ ಪಕ್ಕದ ಕಣವನ್ನು ದಾಟಿ ಮುಂದಕ್ಕೆ, ಹೆಚ್ಚು ಕೆಲಸ ಮಾಡುವುದಿಲ್ಲ. ಪ್ರೋಟಾನುಗಳ ವಿದ್ಯುತ್ ವಿಕರ್ಷಣೆಯಾದರೋ ಬೀಜಕೇಂದ್ರದ ಈ ತುದಿಯಿಂದ ಆ ತುದಿಯವರೆಗೂ ಚಾಚುತ್ತದೆ. ಹೀಗಾಗಿ ಬೀಜಕೇಂದ್ರ ದೊಡ್ಡದಾದಂತೆ ವಿಕರ್ಷಣೆಯನ್ನು ಸರಿದೂಗಿಸಲು ನ್ಯೂಟ್ರಾನುಗಳ ಪಾಲು ಹೆಚ್ಚಬೇಕಾಗುತ್ತದೆ. ಕ್ಯಾಲ್ಸಿಯಂ-40ರಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಇದ್ದರೆ ಸಾಕು. ಸೀಸ-208ರಲ್ಲಿ 82 ಪ್ರೋಟಾನುಗಳಿಗೆ 126 ನ್ಯೂಟ್ರಾನುಗಳು ಬೇಕು.

ಆದರೆ ನ್ಯೂಟ್ರಾನು ಸಿಮೆಂಟಿನಂತೆ ಸುಮ್ಮನೆ ಕೂರುವ ವಸ್ತುವಲ್ಲ. ಅದು ಪ್ರೋಟಾನಾಗಿ ಬದಲಾಗಬಲ್ಲ ಕಣ. ಒಂದು ನ್ಯೂಟ್ರಾನಿನ ದ್ರವ್ಯರಾಶಿ ಒಂದು ಪ್ರೋಟಾನು ಮತ್ತು ಒಂದು ಎಲೆಕ್ಟ್ರಾನುಗಳ ಒಟ್ಟು ದ್ರವ್ಯರಾಶಿಗಿಂತ 0.782 ಎಂಇವಿಯಷ್ಟು (ಒಂದು ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಹೆಚ್ಚು. ಬಿಡಿ ನ್ಯೂಟ್ರಾನಿಗೆ ಈ ಶಕ್ತಿಯನ್ನು ಚೆಲ್ಲಿ ಹಗುರಾಗಲು ಯಾವ ಅಡ್ಡಿಯೂ ಇಲ್ಲವಾದ್ದರಿಂದ ಅದರ ಅರ್ಧಾಯು (ಇರುವ ಕಣಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು ಹತ್ತು ನಿಮಿಷ ಮಾತ್ರ. ಅದೇ ನ್ಯೂಟ್ರಾನು ಡ್ಯೂಟೀರಿಯಂನಲ್ಲಿ ಒಂದು ಪ್ರೋಟಾನಿನ ಜೊತೆಗಿದ್ದಾಗ ಲೆಕ್ಕ ಬೇರೆಯಾಗುತ್ತದೆ. ಅವೆರಡನ್ನೂ ಬಿಗಿದಿರುವ ಬಂಧನ ಶಕ್ತಿ 2.22 ಎಂಇವಿ. ನ್ಯೂಟ್ರಾನು ಪ್ರೋಟಾನಾಗಿ ಬದಲಾದರೆ ಉಳಿಯುವುದು ಎರಡು ಪ್ರೋಟಾನು, ಅವು ಬಂಧನದಲ್ಲಿ ನಿಲ್ಲುವುದಿಲ್ಲ, ಅಂದರೆ 0.782 ಎಂಇವಿಯನ್ನು ಗಳಿಸಲು 2.22 ಎಂಇವಿಯನ್ನು ಕಳೆದುಕೊಳ್ಳಬೇಕು. ಅಷ್ಟು ಶಕ್ತಿಯನ್ನು ಕೊಡುವವರಿಲ್ಲ, ಆದ್ದರಿಂದ ಆ ಬದಲಾವಣೆ ನಡೆಯುವುದೇ ಇಲ್ಲ. ಡ್ಯೂಟೀರಿಯಂನ ನ್ಯೂಟ್ರಾನು ನಿಧಾನವಾಗಿ ಕ್ಷಯಿಸುತ್ತದೆ ಎಂದಲ್ಲ, ಅದು ಕ್ಷಯಿಸುವುದು ಸಾಧ್ಯವೇ ಇಲ್ಲ.

ಈಗ ಇದೇ ಲೆಕ್ಕವನ್ನು ಕಾರ್ಬನ್-14ಕ್ಕೆ ಹಚ್ಚಿ ನೋಡಿ. ಅದರ ಒಂದು ನ್ಯೂಟ್ರಾನು ಪ್ರೋಟಾನಾದರೆ ಸಿಗುವುದು ನೈಟ್ರೋಜನ್-14. ಕಾರ್ಬನ್-14ರ ಬಂಧನ ಶಕ್ತಿ 105.28 ಎಂಇವಿ, ನೈಟ್ರೋಜನ್-14ರದು 104.66. ಅಚ್ಚರಿಯೆಂದರೆ ಇಲ್ಲಿ ಹೆಚ್ಚು ಬಿಗಿಯಾಗಿ ಬಂಧಿತವಾಗಿರುವುದು ಕ್ಷಯಿಸುವ ಕಾರ್ಬನ್ನೇ. ಆದರೂ ಕಳೆದುಕೊಳ್ಳುವುದು ಸುಮಾರು 0.63, ಗಳಿಸುವುದು 0.78, ಉಳಿಯುವ 0.156 ಎಂಇವಿಯನ್ನು ಬೀಟಾ ಕಣವೂ (ಹೊರಬೀಳುವ ಎಲೆಕ್ಟ್ರಾನು) ಅದರ ಜೊತೆಗೇ ಹೊರಬೀಳುವ ಪ್ರತಿನ್ಯೂಟ್ರಿನೊ ಕಣವೂ ಹಂಚಿಕೊಂಡು ಹೋಗುತ್ತವೆ. 5,730 ವರ್ಷಗಳ ಅರ್ಧಾಯುವಿನ, ಪ್ರಾಚ್ಯವಸ್ತುಗಳ ವಯಸ್ಸನ್ನು ಹೇಳುವ ಆ ಪ್ರಸಿದ್ಧ ಕ್ಷಯ ನಡೆಯುವುದು ಇಷ್ಟು ಸಣ್ಣ ಉಳಿತಾಯದ ಮೇಲೆ. ಕಾರ್ಬನ್-12ರ ಎರಡೂ ಪಕ್ಕದಲ್ಲಿರುವ ಬೋರಾನ್-12 ಮತ್ತು ನೈಟ್ರೋಜನ್-12 ಅದಕ್ಕಿಂತ 13 ಎಂಇವಿಗೂ ಮೀರಿ ಭಾರವಾಗಿರುವುದರಿಂದ ಅದಕ್ಕೆ ಹೋಗಲು ಜಾಗವಿಲ್ಲ.

ಆದ್ದರಿಂದ ಒಂದು ಬೀಜಕೇಂದ್ರವನ್ನಷ್ಟೇ ಮುಂದಿಟ್ಟುಕೊಂಡು ‘ಇದು ಸ್ಥಿರವೇ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಏನಾಗಿ ಬದಲಾಗಬಹುದೋ ಅದನ್ನೂ ಪಕ್ಕದಲ್ಲಿಟ್ಟು ಎರಡರ ದ್ರವ್ಯರಾಶಿಗಳನ್ನು ಹೋಲಿಸಬೇಕು. ನ್ಯೂಟ್ರಾನ್–ಪ್ರೋಟಾನ್ ಅನುಪಾತವು ಆ ಹೋಲಿಕೆಯ ಫಲಿತವನ್ನು ಅಂದಾಜಿಸುವ ಒಂದು ಅಡ್ಡದಾರಿ ಮಾತ್ರ. ಪಠ್ಯಗಳು ಅನುಪಾತವನ್ನೇ ಕಾರಣವೆಂಬಂತೆ ಬರೆದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಅತ್ಯಂತ ಸ್ಥಿರ ಬೀಜಕೇಂದ್ರ ಕಬ್ಬಿಣ-56 ಎಂದು ನಮ್ಮ ಟಿಪ್ಪಣಿಯಲ್ಲಿದೆ, ನಿಕ್ಕಲ್-62 ಎಂದು ಗೆಳೆಯನ ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ಬಂಧನ ಶಕ್ತಿಯನ್ನು ಲೆಕ್ಕಹಾಕುವ ಕ್ರಮವನ್ನೂ ಒಂದು ಉದಾಹರಣೆಯಿಂದ ತಿಳಿಸಿ. (ಬಿ.ಎಸ್‌ಸಿ. ಮೊದಲ ವರ್ಷ, ಧಾರವಾಡ)

ಉತ್ತರ: ಲೆಕ್ಕದಿಂದ ಆರಂಭಿಸೋಣ. ಹೀಲಿಯಂ-4ಕ್ಕೆ ಬೇಕಾದ ಬಿಡಿಭಾಗಗಳು ಎರಡು ಹೈಡ್ರೋಜನ್ ಪರಮಾಣು (ತಲಾ 1.007825 ಎಎಂಯು, ಅಂದರೆ ಪರಮಾಣು ದ್ರವ್ಯರಾಶಿ ಮಾನ) ಮತ್ತು ಎರಡು ನ್ಯೂಟ್ರಾನು (ತಲಾ 1.008665). ಒಟ್ಟು 4.032980. ಹೀಲಿಯಂ ಪರಮಾಣುವನ್ನೇ ಅಳೆದರೆ ಸಿಗುವುದು 4.002603. ವ್ಯತ್ಯಾಸ 0.030377, ಒಂದು ಎಎಂಯು 931.5 ಎಂಇವಿಗೆ ಸಮವಾದ್ದರಿಂದ ಬಂಧನ ಶಕ್ತಿ ಸುಮಾರು 28.3 ಎಂಇವಿ, ಕಣವೊಂದಕ್ಕೆ 7.07. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಒಂದು ಕಡೆ ಪ್ರೋಟಾನಿನ ದ್ರವ್ಯರಾಶಿಯನ್ನೂ ಇನ್ನೊಂದು ಕಡೆ ಇಡೀ ಪರಮಾಣುವಿನ ದ್ರವ್ಯರಾಶಿಯನ್ನೂ ತೆಗೆದುಕೊಂಡು. ಆಗ ಎರಡು ಎಲೆಕ್ಟ್ರಾನುಗಳ ತೂಕ ಲೆಕ್ಕದಿಂದ ತಪ್ಪಿಹೋಗಿ ಉತ್ತರ ಒಂದು ಎಂಇವಿಯಷ್ಟು ಕಡಿಮೆ ಬರುತ್ತದೆ. ಎರಡೂ ಕಡೆ ಪರಮಾಣುಗಳನ್ನೇ ಇಟ್ಟರೆ ಈ ತೊಡಕಿಲ್ಲ.

ಇದೇ ಕ್ರಮದಲ್ಲಿ ಲೆಕ್ಕ ಹಾಕಿದರೆ ಕಣವೊಂದಕ್ಕೆ ಕಬ್ಬಿಣ-56ರಲ್ಲಿ 8.790, ಕಬ್ಬಿಣ-58ರಲ್ಲಿ 8.792, ನಿಕ್ಕಲ್-62ರಲ್ಲಿ 8.795 ಎಂಇವಿ ಬರುತ್ತದೆ. ಕಣವೊಂದರ ಬಂಧನ ಶಕ್ತಿಯನ್ನು ಕೇಳಿದರೆ ಉತ್ತರ ನಿಕ್ಕಲ್-62. ಆದರೆ ಕಣವೊಂದರ ಸರಾಸರಿ ದ್ರವ್ಯರಾಶಿ ಎಲ್ಲಕ್ಕಿಂತ ಕಡಿಮೆಯಿರುವುದು ಕಬ್ಬಿಣ-56ರಲ್ಲಿ, ಏಕೆಂದರೆ ನ್ಯೂಟ್ರಾನು ಪ್ರೋಟಾನಿಗಿಂತ ಭಾರವಾದದ್ದು ಮತ್ತು ಕಬ್ಬಿಣ-56ರಲ್ಲಿ (26 ಪ್ರೋಟಾನು, 30 ನ್ಯೂಟ್ರಾನು) ನ್ಯೂಟ್ರಾನುಗಳ ಪಾಲು ನಿಕ್ಕಲ್-62ಕ್ಕಿಂತ (28 ಮತ್ತು 34) ಕಡಿಮೆ. ಹೆಚ್ಚು ಬಿಗಿಯಾಗಿರುವುದೇ ಹೆಚ್ಚು ಹಗುರ ಎಂದೇನಿಲ್ಲ ಎಂಬ, ಕಾರ್ಬನ್-14ರಲ್ಲಿ ಕಂಡ ವಿಚಾರವೇ ಇಲ್ಲೂ ಇದೆ. ಪ್ರಶ್ನೆಪತ್ರಿಕೆಯಲ್ಲಿ ‘ಗರಿಷ್ಠ ಬಂಧನ ಶಕ್ತಿ’ ಎಂದಿದ್ದು ಆಯ್ಕೆಗಳಲ್ಲಿ ನಿಕ್ಕಲ್-62 ಇಲ್ಲದಿದ್ದರೆ ಕಬ್ಬಿಣಕ್ಕೆ ಗುರುತು ಹಾಕಿ; ಇದ್ದರೆ ನಿಕ್ಕಲ್‌ಗೆ ಹಾಕಿ. ವಿಶ್ವದಲ್ಲಿ ಕಬ್ಬಿಣ-56 ಹೇರಳವಾಗಿರುವುದಕ್ಕೆ ಬಂಧನ ಶಕ್ತಿಗಿಂತ ಅದು ಹುಟ್ಟುವ ದಾರಿ ಹೆಚ್ಚು ಕಾರಣ. ಭಾರಿ ನಕ್ಷತ್ರಗಳ ಕೊನೆಗಾಲದಲ್ಲಿ 28 ಪ್ರೋಟಾನು, 28 ನ್ಯೂಟ್ರಾನುಗಳ ನಿಕ್ಕಲ್-56 ಅಪಾರವಾಗಿ ತಯಾರಾಗುತ್ತದೆ. ಅದು ಸುಮಾರು ಆರು ದಿನಗಳ ಅರ್ಧಾಯುವಿನಲ್ಲಿ ಕೋಬಾಲ್ಟ್-56 ಆಗಿ, ಮುಂದೆ 77 ದಿನಗಳ ಅರ್ಧಾಯುವಿನಲ್ಲಿ ಕಬ್ಬಿಣ-56 ಆಗುತ್ತದೆ.

ಪ್ರಶ್ನೆ: ಆವರ್ತ ಕೋಷ್ಟಕದ ನಡುವೆ, ಹಗುರವಾದ ಧಾತುಗಳ ಮಧ್ಯದಲ್ಲೇ, 43ನೆಯ ಧಾತು ಟೆಕ್ನೀಷಿಯಂಗೆ ಒಂದೂ ಸ್ಥಿರ ಸಮಸ್ಥಾನಿ (ಅದೇ ಧಾತುವಿನ, ನ್ಯೂಟ್ರಾನುಗಳ ಸಂಖ್ಯೆ ಬೇರೆಯಿರುವ ರೂಪ) ಇಲ್ಲವೆಂದು ಓದಿದೆ. ಅದರ ಎಡಬಲದ ಮಾಲಿಬ್ಡಿನಂ ಮತ್ತು ರುಥೀನಿಯಂಗಳಿಗೆ ಅಷ್ಟೊಂದು ಇವೆ. ಇದಕ್ಕೆ ಕಾರಣವೇನು? (ಬಿ.ಎಸ್‌ಸಿ. ಅಂತಿಮ ವರ್ಷ, ಮೈಸೂರು)

ಉತ್ತರ: ಈ ಬಾರಿಯ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ನೆರೆಹೊರೆಯವರಿಗೆ ಅಷ್ಟೊಂದು ಇರುವುದೇ ಟೆಕ್ನೀಷಿಯಂಗೆ ಏನೂ ಉಳಿಯದಿರುವುದಕ್ಕೆ ಕಾರಣ.

ಪ್ರೋಟಾನುಗಳು ಜೋಡಿಯಾಗಿ, ನ್ಯೂಟ್ರಾನುಗಳು ಜೋಡಿಯಾಗಿ ಇರುವಾಗ ಬಂಧನ ಸ್ವಲ್ಪ ಹೆಚ್ಚು ಬಿಗಿಯಾಗಿರುತ್ತದೆ. ಇದುವರೆಗೆ ಕ್ಷಯ ಕಂಡುಬರದ ಸುಮಾರು 250 ಬೀಜಕೇಂದ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎರಡೂ ಸಂಖ್ಯೆಗಳು ಸಮ. ಎರಡೂ ಬೆಸವಾಗಿರುವ ಸ್ಥಿರ ಬೀಜಕೇಂದ್ರಗಳು ಡ್ಯೂಟೀರಿಯಂ, ಲಿಥಿಯಂ-6, ಬೋರಾನ್-10 ಮತ್ತು ನೈಟ್ರೋಜನ್-14 ಮಾತ್ರ. ಇವುಗಳ ಜೊತೆಗೆ ವಿಚಿತ್ರವೆಂಬಂತೆ ಟ್ಯಾಂಟಲಂ-180ರ ಒಂದು ಉದ್ರಿಕ್ತ (ಹೆಚ್ಚುವರಿ ಶಕ್ತಿ ತುಂಬಿದ) ಸ್ಥಿತಿಯಿದೆ, ಅದರ ಕೆಳಗಿನ ಮೂಲಸ್ಥಿತಿ ಮಾತ್ರ ಸುಮಾರು ಎಂಟು ಗಂಟೆಗಳ ಅರ್ಧಾಯುವಿನಲ್ಲಿ ಕರಗಿಹೋಗುತ್ತದೆ.

43 ಬೆಸ ಸಂಖ್ಯೆ. ಆದ್ದರಿಂದ ದ್ರವ್ಯರಾಶಿ ಸಂಖ್ಯೆ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಸಂಖ್ಯೆ) ಸಮವಾಗಿರುವ 96, 98, 100ರಂತಹ ಟೆಕ್ನೀಷಿಯಂಗಳಲ್ಲಿ ನ್ಯೂಟ್ರಾನುಗಳೂ ಬೆಸವೇ ಆಗಿ, ಅವು ಎರಡೂ ಪಕ್ಕದ ಸಮ-ಸಮ ಬೀಜಕೇಂದ್ರಗಳಿಗಿಂತ ಭಾರವಾಗುತ್ತವೆ. ಅವುಗಳ ಆಸೆ ಬಿಡಬೇಕು. ಉಳಿದದ್ದು 95, 97, 99, 101. ದ್ರವ್ಯರಾಶಿ ಸಂಖ್ಯೆ ಒಂದೇ ಆಗಿರುವ ಬೀಜಕೇಂದ್ರಗಳ ಸಾಲಿನಲ್ಲಿ ಪಕ್ಕಪಕ್ಕದ ಎರಡು ಧಾತುಗಳು ಒಟ್ಟಿಗೆ ಸ್ಥಿರವಾಗಿರಲಾರವು ಎಂಬ ನಿಯಮವನ್ನು ಆಸ್ಟ್ರಿಯಾದ ಯೋಸೆಫ್ ಮಟ್ಟೌಖ್ 1934ರಲ್ಲಿ ಹೇಳಿದ. ನಿಯಮದ ಹಿಂದಿನ ತರ್ಕ ಸರಳವಾದದ್ದು: ಎರಡರ ದ್ರವ್ಯರಾಶಿಗಳು ಕೊಂಚವಾದರೂ ಬೇರೆಯಿರುತ್ತವೆ, ಭಾರವಾದದ್ದು ಬೀಟಾ ಕ್ಷಯದಿಂದಲೋ ಎಲೆಕ್ಟ್ರಾನನ್ನು ಒಳಗೆಳೆದುಕೊಂಡೋ ಹಗುರವಾದದ್ದಾಗುತ್ತದೆ. ಈಗ ಸ್ಥಾನಗಳನ್ನು ನೋಡಿ. 95 ಮತ್ತು 97ರಲ್ಲಿ ಮಾಲಿಬ್ಡಿನಂ ಕೂತಿದೆ, 99 ಮತ್ತು 101ರಲ್ಲಿ ರುಥೀನಿಯಂ ಕೂತಿದೆ. ಟೆಕ್ನೀಷಿಯಂ-97 ತನ್ನ ಪಕ್ಕದ ಮಾಲಿಬ್ಡಿನಂ-97ಕ್ಕಿಂತ ಕೇವಲ 0.32 ಎಂಇವಿ ಹೆಚ್ಚು ಭಾರ. ಟೆಕ್ನೀಷಿಯಂ-99 ರುಥೀನಿಯಂ-99ಕ್ಕಿಂತ 0.29 ಎಂಇವಿ ಹೆಚ್ಚು ಭಾರ. ಇಷ್ಟರಲ್ಲೇ ಸೋತದ್ದು. ಮೊದಲನೆಯದರ ಅರ್ಧಾಯು ಸುಮಾರು 42 ಲಕ್ಷ ವರ್ಷ, ಎರಡನೆಯದರದು ಸುಮಾರು 2.1 ಲಕ್ಷ ವರ್ಷ. ಮನುಷ್ಯನ ಲೆಕ್ಕದಲ್ಲಿ ದೀರ್ಘವಾದರೂ 450 ಕೋಟಿ ವರ್ಷಗಳ ಭೂಮಿಯ ಲೆಕ್ಕದಲ್ಲಿ ಏನೂ ಅಲ್ಲ. ಭೂಮಿ ಹುಟ್ಟಿದಾಗ ಇದ್ದ ಟೆಕ್ನೀಷಿಯಂ ಎಂದೋ ಮುಗಿದಿದೆ.

ಅದಕ್ಕಾಗಿಯೇ ಅದಿರಿನಲ್ಲಿ ಹುಡುಕಿದವರಿಗೆ ದಕ್ಕದ ಈ ಧಾತು 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಎಮಿಲಿಯೊ ಸೆಗ್ರೆ ಮತ್ತು ಕಾರ್ಲೊ ಪೆರಿಯರ್ ಅವರಿಗೆ ಸಿಕ್ಕಿತು. ಅವರು ಶೋಧಿಸಿದ್ದು ಅಮೆರಿಕದ ಬರ್ಕ್ಲಿಯಲ್ಲಿ ಭೌತವಿಜ್ಞಾನಿ ಅರ್ನೆಸ್ಟ್ ಲಾರೆನ್ಸ್ ನಡೆಸುತ್ತಿದ್ದ ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕದಿಂದ ಬಿಚ್ಚಿ ಕಳುಹಿಸಿದ್ದ, ಕಣಗಳ ಹೊಡೆತ ತಿಂದಿದ್ದ ಮಾಲಿಬ್ಡಿನಂ ತಗಡನ್ನು. ಇಂದು ಯಾವ ದೊಡ್ಡ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೋದರೂ ಮೂಳೆಯ ಅಥವಾ ಹೃದಯದ ಸ್ಕ್ಯಾನಿಗೆ ಬಳಸುವುದು ಟೆಕ್ನೀಷಿಯಂ-99ರ ಉದ್ರಿಕ್ತ ಸ್ಥಿತಿಯನ್ನೇ. ಅದರ ಅರ್ಧಾಯು ಆರು ಗಂಟೆ. ಕ್ಷಯಿಸುತ್ತಾ ಅದನ್ನು ಹುಟ್ಟಿಸುವ, 66 ಗಂಟೆಗಳ ಅರ್ಧಾಯುವಿನ ಮಾಲಿಬ್ಡಿನಂ-99 ಇರುವ ‘ಜನರೇಟರ್’ ಎಂಬ ಉಪಕರಣದ ಮೂಲಕ ಲವಣಜಲ ಹಾಯಿಸಿ ಅದನ್ನು ಇಳಿಸಿಕೊಳ್ಳುತ್ತಾರೆ.

ಇದೇ ಕಾರಣದಿಂದ ತೆರವಾಗಿರುವ ಇನ್ನೊಂದು ಜಾಗ 61ನೆಯ ಪ್ರೊಮೀಥಿಯಂ. ಅದಕ್ಕೂ ಇದೇ ರೀತಿ ನೀವೇ ಪಟ್ಟಿ ಮಾಡಿ ನೋಡಬಹುದು.

ಪ್ರಶ್ನೆ: ಬಾಳೆಹಣ್ಣು ವಿಕಿರಣಶೀಲ, ಮಕ್ಕಳಿಗೆ ಕೊಡಬೇಡಿ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದಿದೆ. ನಿಜವೇ? (ಗೃಹಿಣಿ, ತುಮಕೂರು)

ಉತ್ತರ: ಮೊದಲ ಅರ್ಧ ನಿಜ, ಎರಡನೆಯ ಅರ್ಧ ಅಸಂಬದ್ಧ. ಪ್ರಕೃತಿಯಲ್ಲಿರುವ ಪೊಟ್ಯಾಸಿಯಂನ ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು ಪೊಟ್ಯಾಸಿಯಂ-40. ಮೇಲೆ ಹೇಳಿದ ಬೆಸ-ಬೆಸ ಗುಂಪಿಗೆ (19 ಪ್ರೋಟಾನು, 21 ನ್ಯೂಟ್ರಾನು) ಸೇರಿದ್ದು ಅದು. ಅದರ ಒಂದು ಪಕ್ಕದಲ್ಲಿ ಆರ್ಗಾನ್-40, ಇನ್ನೊಂದು ಪಕ್ಕದಲ್ಲಿ ಕ್ಯಾಲ್ಸಿಯಂ-40, ಎರಡೂ ಹಗುರ. ಹಾಗಾಗಿ ಅದು ಎರಡೂ ಕಡೆಗೆ ಹೊರಳುತ್ತದೆ, ನೂರರಲ್ಲಿ ಸುಮಾರು 89 ಪಾಲು ಕ್ಯಾಲ್ಸಿಯಂ ಆಗಿ, ಉಳಿದದ್ದು ಆರ್ಗಾನ್ ಆಗಿ. ಅರ್ಧಾಯು 125 ಕೋಟಿ ವರ್ಷ. ನಾವು ಉಸಿರಾಡುವ ಗಾಳಿಯಲ್ಲಿ ಶೇ 0.93ರಷ್ಟಿರುವ ಆರ್ಗಾನ್ ಬಹುತೇಕ ಎಲ್ಲವೂ ಹೀಗೆ ಬಂಡೆಗಳೊಳಗಿನ ಪೊಟ್ಯಾಸಿಯಂನಿಂದ ಬಂದದ್ದು.

ಒಂದು ಬಾಳೆಹಣ್ಣಿನಲ್ಲಿ ಸೆಕೆಂಡಿಗೆ ಹತ್ತು-ಹದಿನೈದು ಪರಮಾಣುಗಳು ಕ್ಷಯಿಸುತ್ತವೆ. ಎಪ್ಪತ್ತು ಕಿಲೋ ತೂಕದ ವಯಸ್ಕರ ದೇಹದಲ್ಲೇ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇದ್ದು, ಅಲ್ಲಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕ್ಷಯಗಳು ಹುಟ್ಟಿದಂದಿನಿಂದ ನಡೆದೇ ಇವೆ. ಹೆಚ್ಚಾದ ಪೊಟ್ಯಾಸಿಯಂನ್ನು ಮೂತ್ರಪಿಂಡ ಹೊರಹಾಕುವುದರಿಂದ ಹಣ್ಣು ತಿಂದಷ್ಟೂ ಅದು ಶೇಖರವಾಗುವುದಿಲ್ಲ. ಎಳನೀರಿನಲ್ಲೂ ಪೊಟ್ಯಾಸಿಯಂ ಸಾಕಷ್ಟಿದೆ. ಅದನ್ನೂ ಧಾರಾಳವಾಗಿ ಕುಡಿಸಿ.

ಪ್ರಶ್ನೆ: ಕೈಗಾ ಸ್ಥಾವರದಲ್ಲಿ ಯುರೇನಿಯಂ-235 ಮಾತ್ರ ಸುಲಭವಾಗಿ ಒಡೆಯುತ್ತದೆ, 238 ಒಡೆಯುವುದಿಲ್ಲ ಎನ್ನುತ್ತಾರೆ. ಮೂರೇ ಮೂರು ನ್ಯೂಟ್ರಾನುಗಳಿಂದ ಇಷ್ಟು ವ್ಯತ್ಯಾಸವೇ? (ದ್ವಿತೀಯ ಪಿಯುಸಿ ವಿದ್ಯಾರ್ಥಿ, ಕಾರವಾರ)

ಉತ್ತರ: ವ್ಯತ್ಯಾಸ ಮೂರರಿಂದ ಬಂದದ್ದಲ್ಲ, ಸಮ-ಬೆಸದಿಂದ ಬಂದದ್ದು. ಯುರೇನಿಯಂ-235ರಲ್ಲಿ 143 ನ್ಯೂಟ್ರಾನು, ಒಂದು ಜೋಡಿಯಿಲ್ಲದೆ ಉಳಿದಿದೆ. ಹೊರಗಿನಿಂದ ನಿಧಾನವಾಗಿ ಬಂದ ನ್ಯೂಟ್ರಾನೊಂದು ಅದಕ್ಕೆ ಜೊತೆಯಾದಾಗ ಜೋಡಿ ಕೂಡಿದ ಶಕ್ತಿಯೂ ಸೇರಿ ಸುಮಾರು 6.5 ಎಂಇವಿ ಒಳಗೇ ಬಿಡುಗಡೆಯಾಗುತ್ತದೆ. ಬೀಜಕೇಂದ್ರವನ್ನು ಉದ್ದಕ್ಕೆ ಎಳೆದು ಎರಡು ಹೋಳಾಗಿಸಲು ಸುಮಾರು 6 ಎಂಇವಿ ಬೇಕು. ಆದ್ದರಿಂದ ಅದು ಒಡೆಯುತ್ತದೆ. 146 ನ್ಯೂಟ್ರಾನುಗಳ ಯುರೇನಿಯಂ-238ರಲ್ಲಿ ಬಂದ ನ್ಯೂಟ್ರಾನಿಗೆ ಜೋಡಿ ಸಿಗುವುದಿಲ್ಲ, ದೊರೆಯುವುದು 4.8 ಎಂಇವಿ, ಸಾಲುವುದಿಲ್ಲ. ಒಂದು ಎಂಇವಿಗೂ ಹೆಚ್ಚಿನ ವೇಗದ ಶಕ್ತಿಯನ್ನು ಹೊತ್ತು ತಂದ ನ್ಯೂಟ್ರಾನು ಮಾತ್ರ ಅದನ್ನು ಒಡೆಯಬಲ್ಲದು. ಪ್ಲುಟೋನಿಯಂ-239ರಲ್ಲಿ 145, ಯುರೇನಿಯಂ-233ರಲ್ಲಿ 141: ಪ್ರಸಿದ್ಧ ವಿದಳನ ಇಂಧನಗಳೆಲ್ಲ ಬೆಸ ನ್ಯೂಟ್ರಾನಿನವು ಎಂಬುದನ್ನು ಗಮನಿಸಿ. ನಮ್ಮ ದೇಶದಲ್ಲಿ ಹೇರಳವಾಗಿರುವ ಥೋರಿಯಂ-232 (142 ನ್ಯೂಟ್ರಾನು) ನೇರವಾಗಿ ಇಂಧನವಾಗದೆ, ಮೊದಲು ಯುರೇನಿಯಂ-233 ಆಗಬೇಕಾಗಿರುವುದೂ ಇದರಿಂದಲೇ.

ನೈಸರ್ಗಿಕ ಯುರೇನಿಯಂನಲ್ಲಿ 235ರ ಪಾಲು ಶೇ 0.72 ಮಾತ್ರ. ಕಾಳಿ ನದಿಯ ದಡದ ಕೈಗಾದ ನಾಲ್ಕು 220 ಮೆಗಾವಾಟ್ ರಿಯಾಕ್ಟರುಗಳು ಅಷ್ಟರಲ್ಲೇ ಸರಪಳಿ ಕ್ರಿಯೆಯನ್ನು ನಡೆಸುತ್ತಿರುವುದು, ನ್ಯೂಟ್ರಾನುಗಳನ್ನು ಅತಿ ಕಡಿಮೆ ನುಂಗುವ ಭಾರಜಲದ (ಸಾಮಾನ್ಯ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರಿನ) ನೆರವಿನಿಂದ. ಅಲ್ಲಿನ ಮೊದಲ ಘಟಕ 2018ರ ಡಿಸೆಂಬರ್‌ವರೆಗೆ 962 ದಿನ ನಿಲ್ಲದೆ ನಡೆದು ಆಗ ವಿಶ್ವದಾಖಲೆ ಬರೆದಿತ್ತು.

ಪ್ರಶ್ನೆ: ಬಿಸ್ಮತ್-209 ಸ್ಥಿರವೇ, ಅಲ್ಲವೇ? ಎರಡು ಪುಸ್ತಕಗಳು ಎರಡು ಮಾತು ಹೇಳುತ್ತವೆ. (ರಸಾಯನಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ)

ಉತ್ತರ: 2003ಕ್ಕೆ ಮುಂಚಿನ ಪುಸ್ತಕ ಒಂದನ್ನೂ ನಂತರದ್ದು ಇನ್ನೊಂದನ್ನೂ ಹೇಳುತ್ತಿರಬೇಕು. ಆ ವರ್ಷ ಫ್ರಾನ್ಸಿನ ಓರ್ಸೆಯ ತಂಡವೊಂದು, ಬಿಸ್ಮತ್ ಸೇರಿದ ಹರಳನ್ನು ನಿರಪೇಕ್ಷ ಶೂನ್ಯ ತಾಪದ (ಸುಮಾರು −273 ಡಿಗ್ರಿ ಸೆಲ್ಸಿಯಸ್) ಸಮೀಪಕ್ಕೆ ತಣಿಸಿ, ಅದರೊಳಗೆ ಹುಟ್ಟುವ ಒಂದೊಂದು ಆಲ್ಫಾ ಕಣದ (ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಹೀಲಿಯಂ ಬೀಜಕೇಂದ್ರದ) ಬಿಸಿಯನ್ನೂ ಹಿಡಿಯುವ ಉಪಕರಣದಿಂದ ಅದರ ಕ್ಷಯವನ್ನು ದಾಖಲಿಸಿತು. ಅರ್ಧಾಯು ಸುಮಾರು 1.9 × 10¹⁹ ವರ್ಷ, ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗೂ ಹೆಚ್ಚು.

ಇಲ್ಲಿ ಹೋಲಿಕೆಯ ಜೊತೆಗೆ ಎರಡನೆಯ ಪ್ರಶ್ನೆಯೂ ಬರುತ್ತದೆ: ಕೆಳಗಿನ ಸ್ಥಿತಿ ಇದೆ ಸರಿ, ಅಲ್ಲಿಗೆ ತಲುಪುವುದು ಎಷ್ಟು ಕಷ್ಟ? ಆಲ್ಫಾ ಕಣ ಹೊರಬರಲು ತನ್ನ ಶಕ್ತಿಗಿಂತ ಬಹಳ ಎತ್ತರದ ವಿದ್ಯುತ್ ತಡೆಯನ್ನು ಕ್ವಾಂಟಂ ಸುರಂಗಮಾರ್ಗದಲ್ಲಿ (ತಡೆಯನ್ನು ಹತ್ತದೆ ಅದರ ಮೂಲಕವೇ ತೂರಿ) ದಾಟಬೇಕೆಂದು 1928ರಲ್ಲಿ ಗ್ಯಾಮೋ, ಮತ್ತು ಪ್ರತ್ಯೇಕವಾಗಿ ಗರ್ನಿ ಹಾಗೂ ಕಾಂಡನ್ ತೋರಿಸಿದರು. ಶಕ್ತಿ ಸ್ವಲ್ಪ ತಗ್ಗಿದರೂ ದಾಟುವ ಸಂಭವ ಪಾತಾಳಕ್ಕಿಳಿಯುತ್ತದೆ. ಪೊಲೋನಿಯಂ-212ರ ಆಲ್ಫಾ ಕಣಕ್ಕೆ 8.8 ಎಂಇವಿ ಶಕ್ತಿಯಿದೆ, ಅರ್ಧಾಯು ಮೈಕ್ರೋಸೆಕೆಂಡಿನ ಮೂರನೆಯ ಒಂದು ಭಾಗ. ಥೋರಿಯಂ-232ರದಕ್ಕೆ 4 ಎಂಇವಿ, ಅರ್ಧಾಯು 1,400 ಕೋಟಿ ವರ್ಷ. ಶಕ್ತಿ ಅರ್ಧಕ್ಕಿಳಿದಾಗ ಕಾಲ 10²⁴ ಪಟ್ಟು ಹಿಗ್ಗಿದೆ. ಬಿಸ್ಮತ್‌ನಲ್ಲಿ ಸಿಗುವುದು 3.1 ಎಂಇವಿ ಅಷ್ಟೇ. 82 ಪ್ರೋಟಾನು, 126 ನ್ಯೂಟ್ರಾನು ಎಂಬ ಎರಡು ಮ್ಯಾಜಿಕ್ ಸಂಖ್ಯೆಗಳ (ಬಂಧನ ವಿಶೇಷವಾಗಿ ಬಿಗಿಯಾಗಿರುವ ಸಂಖ್ಯೆಗಳು) ಸೀಸ-208 ಕೂಡ ಲೆಕ್ಕದ ಪ್ರಕಾರ ಪಾದರಸ-204 ಆಗಿ ಅರ್ಧ ಎಂಇವಿಯಷ್ಟು ಉಳಿಸಬಹುದು. ಅಷ್ಟು ಅಲ್ಪ ಶಕ್ತಿಯಿಂದ ತಡೆ ದಾಟಿದ್ದನ್ನು ಯಾರೂ ಕಂಡಿಲ್ಲ. ತರಗತಿಯಲ್ಲಿ ‘ಸ್ಥಿರ’ ಎನ್ನುವ ಬದಲು ‘ಕ್ಷಯ ಕಂಡುಬಂದಿಲ್ಲ’ ಎಂದು ಹೇಳುವುದು ಭಾರಧಾತುಗಳ ಮಟ್ಟಿಗೆ ಹೆಚ್ಚು ಪ್ರಾಮಾಣಿಕ.

ಪ್ರಶ್ನೆ: ಕಾಯಿಸಿದರೆ ಅಥವಾ ಸಂಯುಕ್ತವಾಗಿಸಿದರೆ ಅರ್ಧಾಯು ಬದಲಾಗುವುದಿಲ್ಲ ಎಂಬುದಕ್ಕೆ ಅಪವಾದವೇ ಇಲ್ಲವೇ? (ಬಿ.ಎಸ್‌ಸಿ. ಎರಡನೆಯ ವರ್ಷ, ಕಲಬುರಗಿ)

ಉತ್ತರ: ಪ್ರಯೋಗಾಲಯದ ಒಲೆ, ಆಮ್ಲಗಳ ಮಟ್ಟಿಗೆ ಇಲ್ಲವೆಂದೇ ಹೇಳಬಹುದು. ಆದರೆ ಎಲೆಕ್ಟ್ರಾನುಗಳು ಕ್ಷಯದಲ್ಲಿ ಪಾಲುದಾರರಾಗಿರುವಲ್ಲಿ ಕಥೆ ಬೇರೆ. ಬೆರಿಲಿಯಂ-7 ತನ್ನದೇ ಎಲೆಕ್ಟ್ರಾನೊಂದನ್ನು ಒಳಗೆಳೆದುಕೊಂಡು ಸುಮಾರು 53 ದಿನಗಳ ಅರ್ಧಾಯುವಿನಲ್ಲಿ ಲಿಥಿಯಂ-7 ಆಗುತ್ತದೆ. ಎಲ್ಲ ಎಲೆಕ್ಟ್ರಾನುಗಳನ್ನೂ ಕಿತ್ತುಹಾಕಿದರೆ ಅದು ಕ್ಷಯಿಸುವ ದಾರಿಯೇ ಮುಚ್ಚಿಹೋಗುತ್ತದೆ. ಇದರ ತಿರುಗುಮುರುಗು ಡಿಸ್ಪ್ರೋಸಿಯಂ-163. ತನ್ನ 66 ಎಲೆಕ್ಟ್ರಾನುಗಳೊಂದಿಗೆ ಇರುವಾಗ ಅದು ಸ್ಥಿರ, ಪಕ್ಕದ ಹೋಲ್ಮಿಯಂ-163ಕ್ಕಿಂತ ಕೂದಲೆಳೆಯಷ್ಟು ಹಗುರ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅದರ ಎಲೆಕ್ಟ್ರಾನುಗಳನ್ನೆಲ್ಲ ಕಳಚಿ ಸಂಗ್ರಹ ವರ್ತುಲದಲ್ಲಿ (ಕಣಗಳನ್ನು ಸುತ್ತಿಸುತ್ತಲೇ ಹಿಡಿದಿಡುವ ಯಂತ್ರದಲ್ಲಿ) ಸುತ್ತಿಸಿದಾಗ, ಹುಟ್ಟುವ ಬೀಟಾ ಎಲೆಕ್ಟ್ರಾನು ಖಾಲಿಯಾಗಿದ್ದ ಒಳಗಿನ ಕವಚದಲ್ಲೇ ನೆಲೆಸಿ ಹೆಚ್ಚುವರಿ ಶಕ್ತಿ ಉಳಿಸುವಂತಾಗಿ, 47 ದಿನಗಳ ಅರ್ಧಾಯುವಿನಲ್ಲಿ ಅದು ಹೋಲ್ಮಿಯಂ ಆಗತೊಡಗಿತು. 1992ರಲ್ಲಿ ಇದು ಪ್ರಕಟವಾಯಿತು. ನಾಲ್ಕು ವರ್ಷಗಳ ತರುವಾಯ ಅಲ್ಲಿಯೇ ರೀನಿಯಂ-187ರ ಅರ್ಧಾಯು ಇದೇ ರೀತಿ 4,200 ಕೋಟಿ ವರ್ಷಗಳಿಂದ ಸುಮಾರು 33 ವರ್ಷಕ್ಕೆ ಇಳಿದದ್ದನ್ನು ಅಳೆದರು. ರೀನಿಯಂ ಮತ್ತು ಅದು ಕ್ಷಯಿಸಿ ಆಗುವ ಆಸ್ಮಿಯಂಗಳ ಪ್ರಮಾಣದಿಂದ ನಮ್ಮ ಗ್ಯಾಲಕ್ಸಿಯ ವಯಸ್ಸನ್ನು ಅಂದಾಜಿಸುವವರು, ಆ ರೀನಿಯಂ ನಕ್ಷತ್ರಗಳ ಬಿಸಿ ಒಡಲಿನಲ್ಲಿ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಇದ್ದ ಅವಧಿಯನ್ನೂ ಈಗ ಲೆಕ್ಕಕ್ಕೆ ಹಿಡಿಯಬೇಕಾಗಿದೆ.